ಹಳೆಯ ಆಟದ ಯಂತ್ರಕ್ಕೆ ವಿದ್ಯುತ್ ಪರೀಕ್ಷೆ

1985ರಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದ ನಿಂಟೆಂಡೊ ಆಟದ ಯಂತ್ರಕ್ಕೆ ಜೀವ ಬಾರದಿದ್ದರೆ, ವಿದ್ಯುತ್ತು ಹರಿಯುವ ದಾರಿಯಲ್ಲೇ ನಾವು ದೋಷವನ್ನು ಅರಸಬೇಕು.

ಅದರ ಅಡಾಪ್ಟರು ಕೊಡುವುದು 9 ವೋಲ್ಟಿನ ಎ.ಸಿ. ವಿದ್ಯುತ್ತು. ಮೀಟರನ್ನು ಡಿ.ಸಿ.ಗೆ ಇರಿಸಿ ಅಳೆದರೆ ಸೊನ್ನೆ ಕಾಣುತ್ತದೆ. ಹೀಗೆ ನಿರ್ದೋಷಿ ಅಡಾಪ್ಟರನ್ನೇ ನಾವು ಎಸೆದುಬಿಡುವುದುಂಟು.

ಯಂತ್ರದೊಳಗೆ ಡಯೋಡುಗಳು ಎ.ಸಿ.ಯನ್ನು ಡಿ.ಸಿ.ಯಾಗಿಸುತ್ತವೆ, ಕೆಪಾಸಿಟರು ಏರಿಳಿತವನ್ನು ತಗ್ಗಿಸುತ್ತದೆ, 7805 ಎಂಬ ನಿಯಂತ್ರಕ ಅದನ್ನು 5 ವೋಲ್ಟಿಗೆ ಇಳಿಸುತ್ತದೆ. ಸ್ವಿಚ್ಚು ಹಾಕಿದಾಗ ನಿಯಂತ್ರಕಕ್ಕೆ ವಿದ್ಯುತ್ತು ಬಂದೂ 5 ವೋಲ್ಟು ಹೊರಬಾರದಿದ್ದರೆ, ನಿಯಂತ್ರಕ ಕೆಟ್ಟಿರಬೇಕು, ಇಲ್ಲವೆ ಮುಂದೆಲ್ಲೋ ಶಾರ್ಟ್ ಆಗಿರಬೇಕು. ಚಿತ್ರದಲ್ಲಿ ಅಡ್ಡಪಟ್ಟಿಗಳು ತೇಲಿದರೆ ಮುಪ್ಪಾದ ಕೆಪಾಸಿಟರನ್ನು ಶಂಕಿಸಬೇಕು.

ಊರಿಗೆ ಒಯ್ಯುವವರು ಗಮನಿಸಬೇಕು: 120 ವೋಲ್ಟಿನ ಈ ಅಡಾಪ್ಟರನ್ನು ಭಾರತದ 230 ವೋಲ್ಟಿಗೆ ನೇರವಾಗಿ ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ನಮ್ಮ ಮಕ್ಕಳ ಬಾಲ್ಯ ಅಡಗಿರುವ ಪೆಟ್ಟಿಗೆಯನ್ನು ಅವಸರದಲ್ಲಿ ಕಳೆದುಕೊಳ್ಳದಿರೋಣ.