92 ಕೆಜಿಯ ಲೆಕ್ಕ

ನಮ್ಮ ಮನೆಯ ತೂಕದ ಯಂತ್ರದ ಮೇಲೆ ಸೂಟ್‌ಕೇಸ್ ಇಟ್ಟರೆ ಅಂಕಿ ಕಾಣುವ ಕಿಂಡಿಯೇ ಮುಚ್ಚಿಹೋಗುತ್ತದೆ. ಹಾಗಾಗಿ ಮೊದಲು ನಾನೊಬ್ಬನೇ ಹತ್ತಿ ನಿಂತೆ: 68.4. ಆಮೇಲೆ ಪೆಟ್ಟಿಗೆಯನ್ನು ಎದೆಗವುಚಿಕೊಂಡು ನಿಂತೆ. ಹೆಂಡತಿ ನೆಲದ ಮೇಲೆ ಕೂತು ಇಣುಕಿ ಓದಿದಳು: 95.1. ಕಳೆದರೆ 26.7 ಕೆಜಿ. ಮಿತಿ 23. ಇನ್ನೂ ಮೂರು ಪೆಟ್ಟಿಗೆ ಬಾಕಿ ಇದ್ದವು.

ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಮಗಳ ಮನೆ. ನಮ್ಮ ಟಿಕೆಟ್‌ನಲ್ಲಿ ತಲಾ ಎರಡು ಪೆಟ್ಟಿಗೆ, ಒಂದೊಂದಕ್ಕೆ 23 ಕೆಜಿ. ಇಬ್ಬರಿಗೆ ಒಟ್ಟು 92. (ಅಗ್ಗದ ಟಿಕೆಟ್‌ಗಳಲ್ಲಿ ಈಗ ಒಂದೇ ಪೆಟ್ಟಿಗೆ ಇರುವುದುಂಟು, ಕೊಳ್ಳುವ ಮುನ್ನ ನೋಡಿಕೊಳ್ಳಬೇಕು.) ಉದ್ದ, ಅಗಲ, ಎತ್ತರ ಕೂಡಿದರೆ 158 ಸೆಂಟಿಮೀಟರ್ ದಾಟಬಾರದು. ದುಡ್ಡು ಕೊಡುತ್ತೇನೆಂದರೂ ಒಂದು ಪೆಟ್ಟಿಗೆ 32 ಕೆಜಿ ಮೀರುವಂತಿಲ್ಲ. ಅದನ್ನು ಎತ್ತಿ ಇಳಿಸುವವರ ಸೊಂಟದ ಕಾಳಜಿಗಾಗಿ ಇರುವ ಮಿತಿ ಅದು.

92 ಕೆಜಿ ಎಂದರೆ ಬಹಳ ಅನ್ನಿಸುತ್ತದೆ. ಆದರೆ ಅದರ ಮೊದಲ ಪಾಲು ಪೆಟ್ಟಿಗೆಗಳದ್ದೇ. ನಮ್ಮ 28 ಇಂಚಿನ ಗಟ್ಟಿ ಚಿಪ್ಪಿನ ಸೂಟ್‌ಕೇಸ್ ಖಾಲಿಯೇ 4.8 ಕೆಜಿ ತೂಗಿತು. ನಾಲ್ಕಕ್ಕೆ 19.2. ಅಂದರೆ ಒಂದು ಸೀರೆ ಇಡುವ ಮೊದಲೇ ಐದರಲ್ಲಿ ಒಂದು ಪಾಲಿಗಿಂತ ಹೆಚ್ಚು ಖರ್ಚು. ತಂಗಿಯ ಮನೆಯಿಂದ 3.1 ಕೆಜಿಯ ಎರಡು ಬಟ್ಟೆಯ ಪೆಟ್ಟಿಗೆ ತಂದು ಬದಲಿಸಿದೆವು, 3.4 ಕೆಜಿ ಉಳಿಯಿತು. ಇಡೀ ತಯಾರಿಯಲ್ಲಿ ಜಗಳವಿಲ್ಲದೆ ಉಳಿದ ತೂಕ ಇದೊಂದೇ.

ತೂಕದಷ್ಟೇ ಜಾಗದ ಲೆಕ್ಕವೂ ಮುಖ್ಯ. ಈ ಅಳತೆಯ ಪೆಟ್ಟಿಗೆಯಲ್ಲಿ ಹೆಚ್ಚುಕಡಿಮೆ 100 ಲೀಟರ್ ಜಾಗವಿರುತ್ತದೆ. ಅಕ್ಕಿ ಲೀಟರಿಗೆ ಸುಮಾರು 800 ಗ್ರಾಂ ತೂಗುತ್ತದೆ. ಪೆಟ್ಟಿಗೆಯ ತೂಕ ಕಳೆದು ಉಳಿದ 18.2 ಕೆಜಿಗೂ ಅಕ್ಕಿಯನ್ನೇ ಸುರಿದರೆ 23 ಲೀಟರಿಗೆ ಮಿತಿ ಮುಗಿಯಿತು, ಮುಕ್ಕಾಲು ಪೆಟ್ಟಿಗೆ ಖಾಲಿ. ಚಕ್ಕುಲಿಯದು ಇದಕ್ಕೆ ತದ್ವಿರುದ್ಧ: ಒಂದು ಕೆಜಿಗೆ ನಮ್ಮನೆಯ ಐದು ಲೀಟರಿನ ಡಬ್ಬಿ ಸಾಲಲಿಲ್ಲ. ಚಕ್ಕುಲಿ, ಕೋಡುಬಳೆ ಜಾಗ ತಿನ್ನುತ್ತವೆ. ಅಕ್ಕಿ, ಬೇಳೆ, ಉಪ್ಪಿನಕಾಯಿ ತೂಕ ತಿನ್ನುತ್ತವೆ. ಎರಡನ್ನೂ ಎಲ್ಲ ಪೆಟ್ಟಿಗೆಗಳಿಗೆ ಹಂಚಬೇಕು. ನಾವು ಮೊದಲ ದಿನ ಧಾನ್ಯವನ್ನೆಲ್ಲ ಒಂದರಲ್ಲಿ, ತಿಂಡಿಯನ್ನೆಲ್ಲ ಇನ್ನೊಂದರಲ್ಲಿ ತುಂಬಿದ್ದೆವು. 26.7 ಬಂದದ್ದು ಹೀಗೆ.

ಆಮೇಲೆ ಕಾಗದ ತೆಗೆದುಕೊಂಡು ಒಂದೊಂದು ವಸ್ತುವಿನ ಮುಂದೆ ‘ಕೆಜಿಗೆ ಎಷ್ಟು ಉಳಿತಾಯ’ ಎಂದು ಬರೆದೆ. ಡಾಲರಿಗೆ 85 ರೂಪಾಯಿ ಹಿಡಿದೆ. ಎಡಿಸನ್ನಿನ ಓಕ್ ಟ್ರೀ ರೋಡಿನುದ್ದಕ್ಕೂ ಭಾರತೀಯ ಅಂಗಡಿಗಳು. ಅಲ್ಲಿಗೆ ಸೋನಾ ಮಸೂರಿ ಹೊರುವುದು ಮಲೆನಾಡಿಗೆ ಅಡಿಕೆ ಹೊತ್ತ ಹಾಗೆ. ಮಗಳು ಹೇಳಿದ ದರ 20 ಪೌಂಡಿನ, ಅಂದರೆ 9 ಕೆಜಿಯ ಚೀಲಕ್ಕೆ 20 ಡಾಲರ್. ಕೆಜಿಗೆ 187 ರೂಪಾಯಿ ಬಿತ್ತು. ನಮ್ಮ ಅಂಗಡಿಯಲ್ಲಿ 65. ಉಳಿತಾಯ 122. ಐದು ಕೆಜಿ ಹೊತ್ತರೆ 610 ರೂಪಾಯಿ. ಅದೇ ಅಕ್ಕಿಯಿಂದ ಪೆಟ್ಟಿಗೆ 23 ದಾಟಿದರೋ? ಅಮೆರಿಕದ ದೊಡ್ಡ ವಿಮಾನ ಕಂಪನಿಗಳಲ್ಲಿ 23ರಿಂದ 32 ಕೆಜಿವರೆಗಿನ ಪೆಟ್ಟಿಗೆಗೆ ಸುಮಾರು 100 ಡಾಲರ್ ದಂಡ, 8,500 ರೂಪಾಯಿ. ಹೆಚ್ಚಾದದ್ದು ಎರಡು ಕೆಜಿಯಾದರೂ ಅಷ್ಟೇ, ಒಂಬತ್ತಾದರೂ ಅಷ್ಟೇ.

ಅದೇ ಕಾಗದದ ಇನ್ನೊಂದು ತುದಿಯಲ್ಲಿ ನನ್ನ ಕನ್ನಡಕ. ಪ್ರೋಗ್ರೆಸ್ಸಿವ್ ಲೆನ್ಸ್ ಸಮೇತ ಇಲ್ಲಿ 6,000 ರೂಪಾಯಿ. ಅಲ್ಲಿ ವಿಮೆಯಿಲ್ಲದೆ ಅಳಿಯ ಮಾಡಿಸಿಕೊಂಡದ್ದು 300 ಡಾಲರಿಗೆ, 25,500 ರೂಪಾಯಿ. ಡಬ್ಬಿ ಸೇರಿ ತೂಕ 100 ಗ್ರಾಂ. ಉಳಿತಾಯ ಕೆಜಿಗೆ 1,95,000! ಎರಡನೇ ಜೊತೆ ಕನ್ನಡಕ ಅಂದೇ ಮಾಡಿಸಿದೆ, ಅಕ್ಕಿ ಡಬ್ಬಿಗೆ ವಾಪಸಾಯಿತು.

ಮಿಕ್ಸಿಯ ವಿಷಯದಲ್ಲಿ ಹೆಂಡತಿ ಎರಡು ದಿನ ಹಟ ಹಿಡಿದಳು. ನಮ್ಮದು 230 ವೋಲ್ಟಿನದು, ಅಲ್ಲಿನ ವಿದ್ಯುತ್ 120 ವೋಲ್ಟ್. ನೇರ ಸಿಕ್ಕಿಸಿದರೆ ಜಾರಿನ ಶೇಂಗಾ ಕೂಡ ಪುಡಿಯಾಗದು. ಟ್ರಾನ್ಸ್‌ಫಾರ್ಮರ್ ಒಯ್ದರೆ ಅದರ ಭಾರವೂ ಮಿಕ್ಸಿಯ ಭಾರಕ್ಕೆ ಸೇರುತ್ತದೆ. 110 ವೋಲ್ಟಿನ ನಮ್ಮ ಮಿಕ್ಸಿಗಳು ಅಲ್ಲೇ ಸಿಗುತ್ತವೆ. ಫೋನ್ ಚಾರ್ಜರ್‌ಗೆ ಈ ತಾಪತ್ರಯವಿಲ್ಲ: ಅದರ ಮೇಲೆ 100–240 ವಿ ಎಂದು ಬರೆದಿದ್ದರೆ ಪಿನ್ ಬದಲಿಸುವ ಅಡಾಪ್ಟರ್ ಸಾಕು.

ತಿಪಟೂರಿನ ಕೊಬ್ಬರಿ ಎರಡು ಕೆಜಿ ಇತ್ತು. ವಿಮಾನದ ಮಟ್ಟಿಗೆ ಕೊಬ್ಬರಿ ಅಡುಗೆ ಸಾಮಾನಲ್ಲ, ಅಪಾಯಕಾರಿ ಸರಕು: ವಿಶ್ವಸಂಸ್ಥೆಯ ಪಟ್ಟಿಯಲ್ಲಿ ಅದರ ಸಂಖ್ಯೆ 1363, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಲ್ಲ 4.2 ವರ್ಗ. ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ಎಣ್ಣೆಯೇ ಅಲ್ಲವೆ! ಕರಿಬೇವಿನದು ಬೇರೆ ಕತೆ. ನಿಂಬೆ, ಕಿತ್ತಳೆ ಗಿಡಗಳನ್ನು ಕೊಲ್ಲುವ ಗ್ರೀನಿಂಗ್ ರೋಗ ಹರಡುವ ಸಣ್ಣ ಕೀಟ ಕರಿಬೇವಿನ ಮೇಲೂ ಬದುಕುತ್ತದೆ. ಫ್ಲಾರಿಡಾದಲ್ಲಿ ಆ ರೋಗ ಪತ್ತೆಯಾದದ್ದು 2005ರಲ್ಲಿ. 2003-04ರಲ್ಲಿ ಅಲ್ಲಿ 24 ಕೋಟಿ ಪೆಟ್ಟಿಗೆ ಕಿತ್ತಳೆ ಬೆಳೆದಿತ್ತು, 2022-23ರಲ್ಲಿ 1.6 ಕೋಟಿ. ಚಂಡಮಾರುತಗಳ ಪಾಲೂ ಅದರಲ್ಲಿದೆ, ಆದರೆ ಒಂದು ಕಟ್ಟು ಹಸಿ ಸೊಪ್ಪನ್ನು ಅಲ್ಲಿನ ಅಧಿಕಾರಿಗಳು ಯಾಕೆ ಕಸದ ಬುಟ್ಟಿಗೆ ಹಾಕುತ್ತಾರೆಂದು ನನಗೆ ಗೊತ್ತಾದದ್ದು ಈ ಅಂಕಿ ನೋಡಿದ ಮೇಲೆ. ಒಯ್ದ ತಿನಿಸನ್ನು ಘೋಷಿಸಿದರೆ ಹೆಚ್ಚೆಂದರೆ ಅದು ಹೋಗುತ್ತದೆ. ಮುಚ್ಚಿಟ್ಟರೆ ದಂಡ 10,000 ಡಾಲರ್‌ವರೆಗೂ ಏರಬಹುದು.

ಸಾರಿನ ಪುಡಿ, ಹುಳಿಪುಡಿ, ಮೆಂತ್ಯದ ಹಿಟ್ಟು ಒಟ್ಟು 3 ಕೆಜಿ. ಅವು ಯಾವ ಲೆಕ್ಕಕ್ಕೂ ಸಿಗಲಿಲ್ಲ, ಸುಮ್ಮನೆ ಒಳಗೆ ಹೋದವು.

ಮಾವಿನ ಮಿಡಿಗೆ ಮಾತ್ರ ಒಂದು ಸಂಜೆ ಹಿಡಿಯಿತು. ಬೆಂಗಳೂರು 920 ಮೀಟರ್ ಎತ್ತರದಲ್ಲಿದೆ. ಹಾರುವಾಗ ವಿಮಾನದೊಳಗಿನ ಗಾಳಿಯ ಒತ್ತಡ 2,400 ಮೀಟರ್ ಎತ್ತರದ ಬೆಟ್ಟದಷ್ಟಕ್ಕೆ ಇಳಿಯಬಹುದು. ಬಾಟಲಿಯಲ್ಲಿ ಸಿಕ್ಕಿಬಿದ್ದ ಗಾಳಿ ಆಗ ಐದನೇ ಒಂದು ಪಾಲು ಹಿಗ್ಗಲು ನೋಡುತ್ತದೆ, ಎಣ್ಣೆಯನ್ನು ಮುಚ್ಚಳದ ಕಡೆಗೆ ತಳ್ಳುತ್ತದೆ. ಅರ್ಧ ತುಂಬಿದ ಬಾಟಲಿಯೇ ಸೋರುವುದು. ಕಂಠದವರೆಗೆ ತುಂಬಿ, ಬಾಯಿಗೆ ಪ್ಲಾಸ್ಟಿಕ್ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಟೇಪು ಸುತ್ತಿ, ಎರಡು ಕವರಿನೊಳಗೆ ಹಾಕಿ, ಹಳೇ ಲುಂಗಿಯಲ್ಲಿ ಸುತ್ತಿದೆವು. ಕೈಚೀಲದಲ್ಲಿ ಒಯ್ಯುವಂತಿಲ್ಲ, ಅಲ್ಲಿ ದ್ರವಕ್ಕೆ ಮಿತಿ 100 ಮಿಲಿ.

ಕೈಚೀಲಕ್ಕೆ ಹೋದದ್ದು ಎರಡು ಕನ್ನಡಕ, ಎರಡು ದಿನದ ಬಟ್ಟೆ, ಪವರ್ ಬ್ಯಾಂಕ್ (20,000 ಎಂಎಎಚ್ ಅಂದರೆ 74 ವಾಟ್-ಅವರ್, 100ರೊಳಗಿದ್ದರೆ ತಕರಾರಿಲ್ಲ, ಆದರೆ ಪೆಟ್ಟಿಗೆಯೊಳಗೆ ಇಡಕೂಡದು) ಮತ್ತು ಬಿಪಿ ಮಾತ್ರೆಗಳು. ಮಾತ್ರೆಗೆ ಅಲ್ಲಿನವರ ಸಾಮಾನ್ಯ ಅಳತೆ 90 ದಿನದ್ದು. ನಾವು ಇರುವುದು ಹೆಚ್ಚು ದಿನ, ಅದಕ್ಕೇ ವೈದ್ಯರ ಚೀಟಿಯೂ ಜೊತೆಗೆ.

2024ರಲ್ಲಿ ಜಗತ್ತಿನಾದ್ಯಂತ ಸಾವಿರ ಪ್ರಯಾಣಿಕರಿಗೆ 6.3 ಪೆಟ್ಟಿಗೆಗಳು ದಾರಿ ತಪ್ಪಿದವು ಅಥವಾ ಜಖಂಗೊಂಡವು ಎನ್ನುತ್ತದೆ ವಿಮಾನಯಾನಕ್ಕೆ ತಂತ್ರಜ್ಞಾನ ಒದಗಿಸುವ ಸೀಟಾ ಸಂಸ್ಥೆಯ ವರದಿ. ಹಾಗಾಗಿ ಇಬ್ಬರ ಬಟ್ಟೆಯನ್ನೂ ನಾಲ್ಕರಲ್ಲೂ ಹಂಚಿದೆವು. ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಪ್ರಯಾಣಿಕರೊಬ್ಬರಿಗೆ ಗರಿಷ್ಠ ಪರಿಹಾರ 1,519 ಎಸ್‌ಡಿಆರ್ (ಅಂತರರಾಷ್ಟ್ರೀಯ ಲೆಕ್ಕಕ್ಕೆ ಬಳಸುವ ಹಣದ ಮಾನ), ಸುಮಾರು 2,000 ಡಾಲರ್. ಜಖಂ ಆಗಿದ್ದರೆ 7 ದಿನದೊಳಗೆ ಲಿಖಿತ ದೂರು ಕೊಡಬೇಕು. ಜರಿ ಸೀರೆ, ಒಂದೊಂದೂ 850 ಗ್ರಾಂ, ಮನೆಯಲ್ಲೇ ಉಳಿದವು.

450 ರೂಪಾಯಿಗೆ ತಂದ ನೇತುಹಾಕುವ ತಕ್ಕಡಿಯಲ್ಲಿ ಹೊರಡುವ ದಿನ ಕೊನೆಯ ತೂಕ: 22.6, 22.4, 22.7, 22.1. ತಕ್ಕಡಿಗೂ ವಿಮಾನ ನಿಲ್ದಾಣಕ್ಕೂ ಇರಬಹುದಾದ ವ್ಯತ್ಯಾಸಕ್ಕೆಂದು ಬಿಟ್ಟ ಜಾಗ ಅದು. ಟ್ಯಾಕ್ಸಿ ಬರುವ ಹೊತ್ತಿಗೆ ಪಕ್ಕದ ಮನೆಯವರು ಎಡಿಸನ್ನಿನಲ್ಲೇ ಇರುವ ಮಗನಿಗೆಂದು ಹುರಿಹಿಟ್ಟಿನ ಪೊಟ್ಟಣ ಹಿಡಿದು ಬಂದರು. ‘ಅರ್ಧ ಕೆಜಿ ಅಷ್ಟೇ.’ ಬೇರೆಯವರು ಕೊಟ್ಟದ್ದೇನಾದರೂ ಇದೆಯೇ ಎಂದು ಕೌಂಟರಿನಲ್ಲಿ ಕೇಳುತ್ತಾರೆ, ಬಿಚ್ಚಿ ನೋಡಬೇಕಾಗುತ್ತದೆ ಎಂದೆ. ಅವರೇ ಬಿಚ್ಚಿದರು. ಹಿಟ್ಟಿನೊಳಗೆ ಒಂದು ಬೆಲ್ಲದ ಅಚ್ಚೂ ಇತ್ತು. ತಕ್ಕಡಿಗೆ ಸಿಕ್ಕಿಸಿದೆ: 880 ಗ್ರಾಂ. ನಾಲ್ಕನೆಯ ಪೆಟ್ಟಿಗೆ 22.98ಕ್ಕೆ ನಿಂತಿತು.