ಕಲ್ಲಿನೊಳಗಿನ ರಸಾಯನ

ಪಾವಗಡದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ಚಿತ್ರೀಕರಣ ನಡೆಸುತ್ತಿದ್ದೆವು. ನಮ್ಮ ಕ್ಯಾಮೆರಾಮನ್ ‘ಎಲ್ಲ ಒಂದ್ಸಲ ನಕ್ಕುಬಿಡ್ರಪ್ಪಾ’ ಎಂದರು. ಮಕ್ಕಳು ನಕ್ಕರು. ಆದರೆ ನಾಲ್ಕಾರು ಮಂದಿ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಹಲ್ಲಿನ ಮೇಲಿನ ಕಂದು ಪಟ್ಟೆಗಳು ಕಾಣಬಾರದೆಂಬ ಸಂಕೋಚ ಅವರಿಗೆ. ಪಕ್ಕದಲ್ಲಿದ್ದ ಅಜ್ಜಿಯೊಬ್ಬರು, ‘ನಮ್ಮೂರ ನೀರೇ ಹಂಗೆ ಸಾರ್’ ಎಂದರು. ಆ ಕೊಳವೆ ಬಾವಿಯ ನೀರನ್ನು ಲೋಟದಲ್ಲಿ ಹಿಡಿದು ನೋಡಿದೆ. ತಿಳಿಯಾಗಿತ್ತು. ವಾಸನೆಯೂ ಇರಲಿಲ್ಲ.

ನೀರಿನಲ್ಲಿ ಫ್ಲೋರೈಡ್ ಹೆಚ್ಚಾದರೆ ಹಲ್ಲೂ ಮೂಳೆಯೂ ಕೆಡುತ್ತವೆ ಎಂಬುದು ವಿಜ್ಞಾನ ಪದವೀಧರನಾದ ನನಗೆ ಗೊತ್ತಿತ್ತು. ಆದರೆ ಒಂದು ಕಾರ್ಖಾನೆಯೂ ಇಲ್ಲದ ಊರಿನ ನೀರಿಗೆ ಅದು ಬಂದದ್ದಾದರೂ ಎಲ್ಲಿಂದ? ಈ ಪ್ರಶ್ನೆಗೆ ಉತ್ತರ ಕೊಡುವ ಶಾಸ್ತ್ರವೇ ಭೂರಸಾಯನಶಾಸ್ತ್ರ. ಅದರ ಪರಿಚಯ ಮಾಡಿಕೊಟ್ಟು, ವಿದ್ಯಾರ್ಥಿಗಳಿಗೆ ಅಲ್ಲಿರುವ ಅವಕಾಶಗಳನ್ನು ತಿಳಿಸುವುದು ಈ ಲೇಖನದ ಉದ್ದೇಶ.

ಏನಿದು ಭೂರಸಾಯನಶಾಸ್ತ್ರ?

ಭೂಮಿಯಲ್ಲಿ ಯಾವ ಮೂಲವಸ್ತು ಎಲ್ಲಿದೆ, ಎಷ್ಟಿದೆ, ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೇಗೆ ಸಾಗುತ್ತದೆ ಎಂದು ತಿಳಿಸುವ ವಿಜ್ಞಾನ ಇದು. ಇದಕ್ಕೆ ಭದ್ರವಾದ ತಳಹದಿ ಹಾಕಿದವರು ವಿಕ್ಟರ್ ಗೋಲ್ಡ್‌ಸ್ಮಿಟ್ (1888-1947). ಕೆಲವು ಮೂಲವಸ್ತುಗಳು ಕಬ್ಬಿಣದ ಜೊತೆ ಹೋಗುತ್ತವೆ, ಕೆಲವು ಗಂಧಕದ ಜೊತೆ, ಕೆಲವು ಸಿಲಿಕೇಟ್ ಶಿಲೆಗಳಲ್ಲಿ ನೆಲೆಸುತ್ತವೆ, ಮತ್ತೆ ಕೆಲವು ಗಾಳಿಯಲ್ಲಿ ಉಳಿಯುತ್ತವೆ ಎಂದು ಅವರು ವಿಂಗಡಿಸಿದರು. ಚಿನ್ನ ಬಹುಪಾಲು ಭೂಮಿಯ ಒಡಲಿನ ಕಬ್ಬಿಣದೊಡನೆ ಇಳಿದುಹೋದದ್ದೂ, ಸೋಡಿಯಂ, ಪೊಟ್ಯಾಸಿಯಂಗಳು ನಮ್ಮ ಕಾಲಡಿಯ ಕಲ್ಲಿನಲ್ಲಿ ಉಳಿದದ್ದೂ ಈ ನಿಯಮದಿಂದಲೇ.

ಈಗ ಪಾವಗಡದ ನೀರಿಗೆ ಬರೋಣ. ಆ ಸೀಮೆಯ ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿ ಬಯೋಟೈಟ್ ಎಂಬ ಕಪ್ಪು ಅಭ್ರಕವಿದೆ, ಅಪಟೈಟ್ ಇದೆ. ಎರಡರಲ್ಲೂ ಸ್ವಲ್ಪ ಫ್ಲೋರಿನ್ ಇರುತ್ತದೆ. ಮಣ್ಣಿನಲ್ಲಿ ಇಳಿಯುವ ಮಳೆನೀರು ಇಂಗಾಲದ ಡೈಆಕ್ಸೈಡನ್ನು ಹೀರಿ ಮಂದವಾದ ಆಮ್ಲವಾಗುತ್ತದೆ. ಕಲ್ಲಿನ ಬಿರುಕುಗಳಲ್ಲಿ ನಿಧಾನವಾಗಿ ಸಾಗುತ್ತಾ ಖನಿಜಗಳನ್ನು ಕರಗಿಸುತ್ತದೆ. ಆಗ ಫ್ಲೋರೈಡ್ ನೀರಿಗೆ ಸೇರುತ್ತದೆ.

ನೀರಿನಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದ್ದರೆ ಹೆಚ್ಚಾದ ಫ್ಲೋರೈಡ್ ಅದರೊಡನೆ ಕೂಡಿ ಕ್ಯಾಲ್ಸಿಯಂ ಫ್ಲೋರೈಡ್ ಆಗಿ ತಳ ಸೇರುತ್ತದೆ. ಮಳೆ ಕಡಿಮೆ, ಬಿಸಿಲು ಹೆಚ್ಚು ಇರುವ ನಾಡಿನಲ್ಲಿ ಕ್ಯಾಲ್ಸಿಯಂ ಮೊದಲೇ ಮಣ್ಣಿನಲ್ಲಿ ಸುಣ್ಣದ ಗಂಟುಗಳಾಗಿ ಕಟ್ಟಿಕೊಂಡುಬಿಡುತ್ತದೆ. ಹಿಡಿದಿಡುವವರಿಲ್ಲದ ಫ್ಲೋರೈಡ್ ನೀರಿನಲ್ಲೇ ಉಳಿಯುತ್ತದೆ. ಕೊಳವೆ ಬಾವಿ ಆಳವಾದಷ್ಟೂ ನೀರು ಕಲ್ಲಿನೊಡನೆ ಕಳೆದ ಕಾಲ ಸಾಮಾನ್ಯವಾಗಿ ಹೆಚ್ಚು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಗದಗ, ಕೊಪ್ಪಳ, ರಾಯಚೂರು ಜಿಲ್ಲೆಗಳ ಹಲವು ಹಳ್ಳಿಗಳ ಕಷ್ಟದ ಹಿಂದಿರುವ ರಸಾಯನ ಇದು.

ಕುಡಿಯುವ ನೀರಿಗೆ ಭಾರತೀಯ ಮಾನಕ ಹೇಳುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ನೀರು ಸಿಗದೇ ಇದ್ದಾಗ ಮಾತ್ರ 1.5 ಮಿಲಿಗ್ರಾಂವರೆಗೆ ಒಪ್ಪಬಹುದು. ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ. ಹಲ್ಲು ರೂಪುಗೊಳ್ಳುವ ಎಳೆಯ ವಯಸ್ಸಿನಲ್ಲಿ ಕುಡಿದ ನೀರಿನ ಗುರುತು ಹಲ್ಲಿನ ಮೇಲೆ ಜೀವನಪೂರ್ತಿ ಉಳಿಯುತ್ತದೆ. ಆದ್ದರಿಂದ ಇಲ್ಲಿ ಅಳತೆಗೆ ತಡಮಾಡುವಂತಿಲ್ಲ.

ಅಳತೆಯ ನಿಷ್ಠೆ

ಲೀಟರಿಗೆ ಒಂದು ಮಿಲಿಗ್ರಾಂ ಎಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ. ಇಷ್ಟು ಅಲ್ಪ ಪ್ರಮಾಣವನ್ನು ತಪ್ಪಿಲ್ಲದೆ ಅಳೆಯುವುದೇ ಭೂರಸಾಯನಶಾಸ್ತ್ರದ ಜೀವಾಳ. ಅಮೆರಿಕದ ಕ್ಲೇರ್ ಪ್ಯಾಟರ್ಸನ್ ಅವರ ಕಥೆ ಇದಕ್ಕೆ ಒಳ್ಳೆಯ ನಿದರ್ಶನ.

ಯುರೇನಿಯಂ ಕ್ಷಯಿಸುತ್ತಾ ಕೊನೆಗೆ ಸೀಸವಾಗುತ್ತದೆ. ಹೀಗಾಗಿ ಉಲ್ಕಾಶಿಲೆಗಳಲ್ಲಿರುವ ಸೀಸದ ಐಸೋಟೋಪುಗಳನ್ನು ಅಳೆದರೆ ಭೂಮಿಯ ವಯಸ್ಸು ತಿಳಿಯಬಹುದೆಂದು ಪ್ಯಾಟರ್ಸನ್ ಹೊರಟರು. ಆದರೆ ಉತ್ತರ ಪ್ರತಿಸಲವೂ ತಪ್ಪುತ್ತಿತ್ತು. ಕಾರಣ, ಪ್ರಯೋಗಾಲಯದ ಧೂಳು, ಗಾಜಿನ ಪಾತ್ರೆ, ಆಮ್ಲ, ಹೀಗೆ ಎಲ್ಲೆಲ್ಲೂ ಹೊರಗಿನ ಸೀಸ ಬೆರೆತಿತ್ತು. ಅವರು ನೆಲ, ಗೋಡೆ ತಿಕ್ಕಿ, ಆಮ್ಲಗಳನ್ನು ತಾವೇ ಶುದ್ಧೀಕರಿಸಿ, ಗಾಳಿಯನ್ನೂ ಸೋಸುವ ಪ್ರಯೋಗಾಲಯವನ್ನು ಕಟ್ಟಿಕೊಂಡರು. 1956ರಲ್ಲಿ ಪ್ರಕಟವಾದ ಅವರ ಲೆಕ್ಕದಂತೆ ಭೂಮಿಯ ವಯಸ್ಸು 455 ಕೋಟಿ ವರ್ಷ. ಇಂದಿಗೂ ಆ ಅಂಕಿ ಹೆಚ್ಚು ಕಡಿಮೆ ಅಲ್ಲೇ ನಿಂತಿದೆ. ಹೋಲಿಕೆಗೆ ಹೇಳುವುದಾದರೆ, ಬೆಂಗಳೂರಿನ ಲಾಲ್‌ಬಾಗ್ ಬಂಡೆಯ ವಯಸ್ಸು ಸುಮಾರು 300 ಕೋಟಿ ವರ್ಷ.

ಪ್ಯಾಟರ್ಸನ್ ಅಷ್ಟಕ್ಕೇ ಬಿಡಲಿಲ್ಲ. ಇಷ್ಟೊಂದು ಸೀಸ ಬಂದದ್ದೆಲ್ಲಿಂದ ಎಂದು ಸಮುದ್ರದ ನೀರಿನಲ್ಲಿ, ಧ್ರುವದ ಹಿಮದಲ್ಲಿ ಹುಡುಕಿದರು. ಪೆಟ್ರೋಲಿಗೆ ಬೆರೆಸುತ್ತಿದ್ದ ಸೀಸವೇ ಮುಖ್ಯ ಕಾರಣಗಳಲ್ಲೊಂದೆಂದು ತೋರಿಸಿಕೊಟ್ಟರು. ಉದ್ಯಮದವರ ವಿರೋಧ ಬಂದರೂ ಹಿಂಜರಿಯಲಿಲ್ಲ. ಭಾರತದಲ್ಲಿ ಸೀಸದ ಪೆಟ್ರೋಲ್ 2000ದಲ್ಲಿ ನಿಂತಿತು. 2021ರಲ್ಲಿ ಪ್ರಪಂಚದ ಯಾವ ದೇಶದಲ್ಲೂ ವಾಹನಗಳಿಗೆ ಅದರ ಮಾರಾಟ ಉಳಿಯಲಿಲ್ಲ. ಕಲ್ಲಿನ ವಯಸ್ಸು ಕೇಳಲು ಹೋದವರು ಮಕ್ಕಳ ಆರೋಗ್ಯ ಕಾಪಾಡಿದಂತಾಯಿತು.

ಈಚಿನ ಸುದ್ದಿ

ಬೆನ್ನು ಎಂಬ ಕ್ಷುದ್ರಗ್ರಹದಿಂದ ನಾಸಾದ ನೌಕೆ 2023ರ ಸೆಪ್ಟೆಂಬರಿನಲ್ಲಿ 121.6 ಗ್ರಾಂ ಮಣ್ಣು ಕಲ್ಲು ತಂದಿಳಿಸಿತು. ಜೀವಿಗಳ ಪ್ರೋಟೀನುಗಳಲ್ಲಿರುವ 20 ಅಮೈನೋ ಆಮ್ಲಗಳಲ್ಲಿ 14 ಅದರಲ್ಲಿವೆ ಎಂದು 2025ರ ಜನವರಿಯಲ್ಲಿ ವರದಿಯಾಯಿತು. ಉಪ್ಪುನೀರು ಆರಿ ಉಳಿದ ಲವಣಗಳೂ ಸಿಕ್ಕಿವೆ.

ನಮ್ಮ ಚಂದ್ರಯಾನ-3 ಕೂಡ 2023ರ ಆಗಸ್ಟಿನಲ್ಲಿ ಇಂಥದೇ ಕೆಲಸ ಮಾಡಿತು. ಬೆಂಗಳೂರಿನ ಇಸ್ರೋ ಪ್ರಯೋಗಾಲಯದಲ್ಲಿ ತಯಾರಾದ ಲೇಸರ್ ಉಪಕರಣ ಚಂದ್ರನ ನೆಲದಲ್ಲಿ ಗಂಧಕವನ್ನು ಗುರುತಿಸಿತು. ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದ ಎಕ್ಸ್-ಕಿರಣ ಉಪಕರಣದ ಅಳತೆಗಳು, ಚಂದ್ರ ಒಮ್ಮೆ ಕರಗಿದ ಶಿಲೆಯ ಸಾಗರವಾಗಿತ್ತು ಎಂಬ ವಾದಕ್ಕೆ ಬಲ ಕೊಟ್ಟವು.

ಮಂಡ್ಯ ಜಿಲ್ಲೆಯ ಮರಳಗಾಲದ ಬಳಿ ಸುಮಾರು 1,600 ಟನ್ ಲಿಥಿಯಂ ಇರಬಹುದೆಂಬ ಪ್ರಾಥಮಿಕ ಅಂದಾಜು 2021ರಲ್ಲಿ ಹೊರಬಿತ್ತು. ಇದು ದೊಡ್ಡ ನಿಕ್ಷೇಪವೇನಲ್ಲ. ಆದರೆ ಬ್ಯಾಟರಿಗಳಿಗೆ ಬೇಕಾದ ಇಂಥ ಖನಿಜಗಳಿಗಾಗಿ ಕೇಂದ್ರ ಸರ್ಕಾರ 2025ರಲ್ಲಿ ಪ್ರತ್ಯೇಕ ಅಭಿಯಾನಕ್ಕೆ ಒಪ್ಪಿಗೆ ಕೊಟ್ಟಿರುವುದರಿಂದ, ಹಳ್ಳದ ಮರಳನ್ನು ಸೋಸಿ ಅಳೆಯಬಲ್ಲವರಿಗೆ ಕೆಲಸ ಹೆಚ್ಚಲಿದೆ.

ನಿಮಗಿರುವ ಅವಕಾಶ

ಭೂವಿಜ್ಞಾನ ಓದಿದವರಿಗೆ ಮಾತ್ರ ಈ ಕ್ಷೇತ್ರ ಎಂದು ತಿಳಿಯಬೇಡಿ. ರಸಾಯನಶಾಸ್ತ್ರ, ಭೌತಶಾಸ್ತ್ರ ಓದಿದವರೂ ಇಲ್ಲಿಗೆ ಬರಬಹುದು. ಪದವಿಯ ನಂತರ ‘ಜಾಮ್’ ಪರೀಕ್ಷೆ ಬರೆದು ಐ.ಐ.ಟಿ.ಗಳಲ್ಲಿ ಎಂ.ಎಸ್ಸಿ. ಸೇರಬಹುದು. ಮೈಸೂರು, ಬೆಂಗಳೂರು, ಧಾರವಾಡದ ವಿಶ್ವವಿದ್ಯಾನಿಲಯಗಳಲ್ಲೂ ಭೂವಿಜ್ಞಾನ ವಿಭಾಗಗಳಿವೆ. ಕೇಂದ್ರ ಲೋಕಸೇವಾ ಆಯೋಗದ ಭೂವಿಜ್ಞಾನಿಗಳ ಸಂಯುಕ್ತ ಪರೀಕ್ಷೆಯ ಮೂಲಕ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಮತ್ತು ಕೇಂದ್ರೀಯ ಅಂತರ್ಜಲ ಮಂಡಳಿಗಳಿಗೆ ಆಯ್ಕೆ ನಡೆಯುತ್ತದೆ. ರಸಾಯನಶಾಸ್ತ್ರದ ಎಂ.ಎಸ್ಸಿ. ಆದವರಿಗೆ ಅಲ್ಲಿ ಪ್ರತ್ಯೇಕ ಹುದ್ದೆಗಳುಂಟು. ಸಂಶೋಧನೆ ಬೇಕೆನ್ನುವವರು ‘ನೆಟ್’ ಪರೀಕ್ಷೆಯ ಮೂಲಕ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ, ಹೈದರಾಬಾದಿನ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯಂಥ ಕಡೆ ಪ್ರಯತ್ನಿಸಬಹುದು. ಬೇಸಿಗೆ ರಜೆಯಲ್ಲಿ ವಿಜ್ಞಾನಿಗಳ ಕೈಕೆಳಗೆ ಕೆಲಸ ಕಲಿಯಲು ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ವಿದ್ಯಾರ್ಥಿವೇತನವನ್ನು ಗಮನದಲ್ಲಿಡಿ. ಗೋಲ್ಡ್‌ಸ್ಮಿಟ್ ಹೆಸರಿನಲ್ಲಿ ಪ್ರತಿ ವರ್ಷ ನಡೆಯುವ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಸಂಶೋಧನಾ ವಿದ್ಯಾರ್ಥಿಗಳೂ ಪ್ರಬಂಧ ಕಳುಹಿಸಬಹುದು. 2025ರಲ್ಲಿ ಅದು ಪ್ರಾಗ್ ನಗರದಲ್ಲಿ ನಡೆಯಿತು.

ಇದೆಲ್ಲಕ್ಕೂ ಮೊದಲು ಈಗಲೇ ಮಾಡಬಹುದಾದ ಒಂದು ಕೆಲಸವಿದೆ. ನಿಮ್ಮ ಊರಿನ ಕೊಳವೆ ಬಾವಿಗಳ ನೀರನ್ನು ಪರೀಕ್ಷಿಸಿದ್ದಾರೆಯೇ, ಫ್ಲೋರೈಡ್ ಎಷ್ಟು ಬಂದಿದೆ ಎಂದು ಗ್ರಾಮ ಪಂಚಾಯಿತಿಯಲ್ಲಿ ವಿಚಾರಿಸಿ. ನಿಮ್ಮ ರಸಾಯನಶಾಸ್ತ್ರದ ಅಧ್ಯಾಪಕರನ್ನೂ ಜೊತೆಗೆ ಕರೆದೊಯ್ಯಿರಿ. ಬಾವಿಯ ಆಳ, ಮಾದರಿ ತೆಗೆದ ದಿನಾಂಕ, ಫ್ಲೋರೈಡ್ ಪ್ರಮಾಣ ಇಷ್ಟನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಒಂದೇ ಊರಿನ ಎರಡು ಬಾವಿಗಳಲ್ಲಿ ಒಂದು ಕೆಟ್ಟದ್ದು, ಇನ್ನೊಂದು ಒಳ್ಳೆಯದು ಎಂದು ಗೊತ್ತಾದರೂ ಸಾಕು, ಅಲ್ಲಿ ಮುಂದೆ ಹುಟ್ಟುವ ಮಕ್ಕಳು ನಗುವಾಗ ಬಾಯಿ ಮುಚ್ಚಿಕೊಳ್ಳಬೇಕಾಗಿ ಬರುವುದಿಲ್ಲ.