ಕಿವಿಗೊಪ್ಪುವ ಹೆಡ್‌ಫೋನ್: ಆಯ್ಕೆ ಮತ್ತು ಆರೈಕೆ



‘ಹಾಡು ಕೇಳುವ ಒಂದು ಹೆಡ್‌ಫೋನಿಗೆ ಇಪ್ಪತ್ತು-ಮೂವತ್ತು ಸಾವಿರ ರೂಪಾಯಿಯೇ?’ ಎಂದು ನಿಮ್ಮಲ್ಲಿ ಅನೇಕರು ಹುಬ್ಬೇರಿಸಬಹುದು. ಒಂದು ಕಾಲದಲ್ಲಿ ಅಷ್ಟು ಹಣದಲ್ಲಿ ಮನೆಯ ಶುಭಕಾರ್ಯವೇ ಮುಗಿಯುತ್ತಿತ್ತು! ಆದರೆ ಇಂದು ಉಲ್ಹಾಸನಗರ, ಕಲ್ಯಾಣ, ಡೊಂಬಿವಲಿಯ ನಮ್ಮ ಮನೆಗಳಲ್ಲಿ ಮೊದಲ ಸಂಬಳ ಕೈಗೆ ಬಂದೊಡನೆ ಮಕ್ಕಳು ಕೊಳ್ಳುವ ವಸ್ತುಗಳಲ್ಲಿ ಇದೂ ಒಂದು. ನಿವೃತ್ತರಾದ ಅಪ್ಪನಿಗೆ ಉಡುಗೊರೆಯಾಗಿ ತಂದುಕೊಡುವವರೂ ಇದ್ದಾರೆ. ಹಣವೂ ನಮ್ಮದೇ, ಕಿವಿಯೂ ನಮ್ಮದೇ. ಆದ್ದರಿಂದ ಕೊಳ್ಳುವ ಮುನ್ನ ಹೋಲಿಸಿ ನೋಡುವುದನ್ನೂ ಕೊಂಡ ಮೇಲೆ ಜೋಪಾನ ಮಾಡುವುದನ್ನೂ ತಿಳಿದಿರುವುದು ಒಳ್ಳೆಯದಲ್ಲವೇ?

ಅಡುಗೆಮನೆಯಲ್ಲಿ ಹುಟ್ಟಿದ ಕೂಸು

ಹೆಡ್‌ಫೋನಿನ ಜನನ ಅಡುಗೆಮನೆಯಲ್ಲಾಯಿತು ಎಂದರೆ ನಮ್ಮ ಗೃಹಿಣಿಯರಿಗೆ ಸಂತೋಷವಾದೀತು! ಅಮೆರಿಕದ ಯೂಟಾ ಪ್ರಾಂತದ ನತಾನಿಯಲ್ ಬಾಲ್ಡ್ವಿನ್ ಎಂಬಾತ 1910ರ ಸುಮಾರಿಗೆ ತನ್ನ ಅಡುಗೆಮನೆಯ ಮೇಜಿನ ಮೇಲೆ ಇವನ್ನು ತಯಾರಿಸಿ ಅಲ್ಲಿನ ನೌಕಾದಳಕ್ಕೆ ಮಾರಿದ. 1958ರಲ್ಲಿ ಜಾನ್ ಕಾಸ್ ಸ್ಟೀರಿಯೋ ಸಂಗೀತ ಕೇಳುವ ಹೆಡ್‌ಫೋನನ್ನು ಹೊರತಂದ. 1968ರಲ್ಲಿ ಜರ್ಮನಿಯ ಸೆನ್‌ಹೈಸರ್ ಕಂಪನಿ ಹಿಂಬದಿ ತೆರೆದಿರುವ ಎಚ್‌ಡಿ 414 ಮಾದರಿಯನ್ನು ತಂದಿತು. 1979ರಲ್ಲಿ ಸೋನಿಯ ವಾಕ್‌ಮನ್ ಬಂದ ಮೇಲಂತೂ ಸಂಗೀತ ಬೀದಿಗೂ ರೈಲಿಗೂ ನಡೆದುಬಂದಿತು.

ಹೊರಗಿನ ಗದ್ದಲವನ್ನು ಅಳಿಸುವ ಹೆಡ್‌ಫೋನಿನ ಹಿಂದೆ ಭಾರತೀಯ ಮೂಲದ ಒಬ್ಬರ ಹೆಸರಿದೆ. ಅಮರ್ ಬೋಸ್ ಅವರ ತಂದೆ ಬಂಗಾಳದಿಂದ ಅಮೆರಿಕಕ್ಕೆ ಹೋದವರು. 1978ರಲ್ಲಿ ವಿಮಾನ ಪ್ರಯಾಣದ ವೇಳೆ ಇಂಜಿನ್ನಿನ ಸದ್ದಿನಲ್ಲಿ ಸಂಗೀತ ಮುಳುಗಿಹೋದಾಗ ಅಮರ್ ಬೋಸ್ ಅವರಿಗೆ ಈ ಯೋಚನೆ ಹೊಳೆಯಿತು. ಅದು ಜನಸಾಮಾನ್ಯರ ಕೈಗೆ ಕ್ವಯಟ್‌ಕಂಫರ್ಟ್ ಹೆಡ್‌ಫೋನಾಗಿ ಬಂದದ್ದು 2000ದಲ್ಲಿ.

ತೆರೆದದ್ದೋ, ಮುಚ್ಚಿದ್ದೋ?

ಬೆಲೆಯನ್ನು ಕೇಳುವ ಮೊದಲು ನಿಮ್ಮನ್ನೇ ಒಂದು ಪ್ರಶ್ನೆ ಕೇಳಿಕೊಳ್ಳಿ: ‘ನಾನು ಇದನ್ನು ಎಲ್ಲಿ ಕುಳಿತು ಕೇಳುತ್ತೇನೆ?’ ಅರ್ಧ ಆಯ್ಕೆ ಅಲ್ಲಿಗೇ ಮುಗಿಯುತ್ತದೆ.

ಹಿಂಬದಿ ತೆರೆದ ಹೆಡ್‌ಫೋನುಗಳಲ್ಲಿ ಬಟ್ಟಲಿನ ಹಿಂದೆ ಜಾಲರಿಯಿರುತ್ತದೆ. ಗಾಳಿಯೂ ದನಿಯೂ ಸರಾಗವಾಗಿ ಆಚೀಚೆ ಹೋಗುವುದರಿಂದ ಗಾಯಕರು ನಮ್ಮೆದುರಿನ ವೇದಿಕೆಯಲ್ಲೇ ಕುಳಿತಿರುವಂತೆ ಭಾಸವಾಗುತ್ತದೆ. 1997ರಲ್ಲಿ ಬಂದ ಸೆನ್‌ಹೈಸರ್ ಎಚ್‌ಡಿ 600, 2003ರ ಎಚ್‌ಡಿ 650 ಈ ಬಗೆಯವು. ಭೀಮಸೇನ ಜೋಶಿಯವರ ಆಲಾಪವಾಗಲಿ, ಮಲ್ಲಿಕಾರ್ಜುನ ಮನ್ಸೂರರ ಗಾಯನವಾಗಲಿ, ಮನೆಯಲ್ಲಿ ಶಾಂತವಾಗಿ ಕುಳಿತು ಕೇಳುವವರಿಗೆ ಇವು ಹೇಳಿ ಮಾಡಿಸಿದಂತಿವೆ. ಕುಕ್ಕರಿನ ಸೀಟಿಯೂ ಬಾಗಿಲ ಗಂಟೆಯೂ ಕೇಳಿಸುತ್ತವೆ ಎಂಬುದು ಮತ್ತೊಂದು ಅನುಕೂಲ. ಆದರೆ ನೀವು ಕೇಳುವ ಹಾಡು ಪಕ್ಕದಲ್ಲಿ ಓದುತ್ತಿರುವ ಮಗನಿಗೂ ಕೇಳಿಸುತ್ತದೆ. ಲೋಕಲ್ ರೈಲಿನಲ್ಲಂತೂ ಇದು ನಿರುಪಯೋಗಿ.

ಮುಚ್ಚಿದ ಹೆಡ್‌ಫೋನುಗಳಲ್ಲಿ ದನಿ ಒಳಗೇ ಉಳಿಯುತ್ತದೆ. ಬೈಯರ್‌ಡೈನಾಮಿಕ್‌ನ ಡಿಟಿ 770 ಪ್ರೊ, ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ ಸೋನಿ ಎಂಡಿಆರ್-7506 ಈ ಗುಂಪಿಗೆ ಸೇರಿದವು. ಒಂದೇ ಕೋಣೆಯಲ್ಲಿ ನಾಲ್ವರು ಬಾಳುವ ಮನೆಗಳಿಗೆ ಇವೇ ಸರಿ.

ದಿನವೂ ರೈಲಿನಲ್ಲಿ ಓಡಾಡುವವರಿಗೆ ಗದ್ದಲ ಅಳಿಸುವ ಬ್ಯಾಟರಿಯ ಹೆಡ್‌ಫೋನ್ ಪ್ರಯೋಜನಕಾರಿ. ಬೋಸ್ ಕಂಪನಿಯವು, ಸೋನಿಯ ಡಬ್ಲ್ಯುಎಚ್-1000ಎಕ್ಸ್‌ಎಂ5 ಮೊದಲಾದವು ಈ ಜಾತಿಯವು. ಹೊರಗಿನ ಸದ್ದನ್ನು ಪುಟ್ಟ ಮೈಕುಗಳು ಗ್ರಹಿಸಿ, ಅದಕ್ಕೆ ತದ್ವಿರುದ್ಧವಾದ ಅಲೆಯನ್ನು ಹುಟ್ಟಿಸಿ, ಒಂದನ್ನೊಂದು ಹೊಡೆದುಹಾಕುವಂತೆ ಮಾಡುತ್ತವೆ. ರೈಲಿನ ಗಡಗಡ, ಫ್ಯಾನಿನ ಸದ್ದಿನಂಥ ತಗ್ಗಿದ, ಒಂದೇ ಸಮನಾದ ಶಬ್ದಗಳ ಮೇಲೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಪಕ್ಕದವರ ಮಾತನ್ನು ಮಾತ್ರ ಪೂರ್ತಿ ಅಳಿಸಲಾರದು!

ಇನ್ನೊಂದು ಸೂಕ್ಷ್ಮ ಸಂಗತಿ. ಡಬ್ಬದ ಮೇಲೆ ‘ಓಮ್’ ಎಂಬ ಅಳತೆ ಬರೆದಿರುತ್ತದೆ. ಎಚ್‌ಡಿ 600ರದು 300 ಓಮ್. ಸಣ್ಣ ಪಂಪು ನಾಲ್ಕನೆಯ ಮಹಡಿಯ ಟಾಕಿಗೆ ನೀರೇರಿಸಲು ಹೆಣಗುವಂತೆ, ನಮ್ಮ ಮೊಬೈಲು ಇದನ್ನು ನುಡಿಸಲು ಹೆಣಗುತ್ತದೆ. ಇಂಥದ್ದಕ್ಕೆ ಚಿಕ್ಕದೊಂದು ಆಂಪ್ಲಿಫೈಯರ್ ಬೇಕು. ಆ ಖರ್ಚನ್ನೂ ಸೇರಿಸಿಯೇ ಬೆಲೆಗಳನ್ನು ಹೋಲಿಸಿ. ಡಿಟಿ 770 ಪ್ರೊ 32, 80, 250 ಓಮ್‌ಗಳಲ್ಲಿ ದೊರೆಯುತ್ತದೆ. ಮೊಬೈಲಿಗಷ್ಟೇ ಬೇಕಾದವರು ಕಡಿಮೆ ಓಮ್‌ನದನ್ನು ಆರಿಸಿಕೊಳ್ಳಬಹುದು.

ಅಂಗಡಿಯಲ್ಲಿ ಪರೀಕ್ಷೆ

ಅಂಗಡಿಯವರು ಹಾಕುವ ಹಾಡಿಗೆ ತಲೆದೂಗಬೇಡಿ. ನಿಮಗೆ ಕಂಠಪಾಠವಾಗಿರುವ ಎರಡು-ಮೂರು ಹಾಡುಗಳನ್ನು ಮೊಬೈಲಿನಲ್ಲಿ ಒಯ್ಯಿರಿ. ತಂಬೂರಿಯ ನಾಲ್ಕು ತಂತಿಗಳ ನಾದ ಬೇರೆಬೇರೆಯಾಗಿ ಕೇಳುತ್ತದೆಯೇ? ತಬಲಾದ ಎಡಗೈಯ ‘ಘೇ’ ಗುಂಡಗಿದೆಯೇ, ಬರೀ ಗುಂಯ್ ಎನ್ನುತ್ತದೆಯೇ? ಯಕ್ಷಗಾನ ಪ್ರಿಯರಾದರೆ ಚೆಂಡೆಯ ಪೆಟ್ಟು ಕಿವಿಗೆ ಚುಚ್ಚದೆ ಸ್ಪಷ್ಟವಾಗಿದೆಯೇ, ಅದರ ನಡುವೆ ಭಾಗವತರ ಸಾಹಿತ್ಯ ತಿಳಿಯುತ್ತದೆಯೇ ಎಂದು ಗಮನಿಸಿ.

ಎರಡನ್ನು ಹೋಲಿಸುವಾಗ ದನಿಯ ಮಟ್ಟ ಒಂದೇ ಇರಲಿ. ತುಸು ಜೋರಾಗಿ ಕೇಳುವುದೇ ಮೇಲೆಂದು ನಮ್ಮ ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಮಾರುವವರಿಗೂ ಈ ಗುಟ್ಟು ಗೊತ್ತು! ಕನಿಷ್ಠ ಹದಿನೈದು ನಿಮಿಷ ತಲೆಯ ಮೇಲೆ ಇಟ್ಟುಕೊಂಡು ಕುಳಿತುಕೊಳ್ಳಿ. ಎಚ್‌ಡಿ 600 ಸುಮಾರು 260 ಗ್ರಾಂ ತೂಗುತ್ತದೆ. ಬಲು ದುಬಾರಿಯಾದ ಕೆಲವು ಮಾದರಿಗಳು ಅರ್ಧ ಕಿಲೋ ಮೀರುತ್ತವೆ. ಕುತ್ತಿಗೆ ನೋವಿರುವವರಿಗೆ ಅದರ ಹಿರಿಮೆಯಿಂದ ಏನು ಬಂತು? ಕನ್ನಡಕದವರು ಕನ್ನಡಕ ಹಾಕಿಕೊಂಡೇ ಪರೀಕ್ಷಿಸಿ. ಅದರ ಕಡ್ಡಿ ಕುಶನ್ನನ್ನು ಎತ್ತಿಹಿಡಿದರೆ ಮುಚ್ಚಿದ ಹೆಡ್‌ಫೋನಿನಲ್ಲಿ ತಗ್ಗು ಸ್ವರಗಳು ಸೋರಿಹೋಗುತ್ತವೆ. ದೊಡ್ಡ ಓಲೆ, ಝುಮಕಿ ಧರಿಸುವ ನಮ್ಮ ಹೆಂಗಳೆಯರಿಗೂ ಇದೇ ಮಾತು.

ಅಸಲಿ, ನಕಲಿ

ಉಲ್ಹಾಸನಗರದವರೆಂದರೆ ಹೊರಗಿನವರು ‘ಮೇಡ್ ಇನ್ ಯುಎಸ್‌ಎ’ ಎಂದು ನಗುವುದುಂಟು. ಯುಎಸ್‌ಎ ಎಂದರೆ ಉಲ್ಹಾಸನಗರ ಸಿಂಧಿ ಅಸೋಸಿಯೇಷನ್ ಎಂಬ ಹಳೆಯ ಚಟಾಕಿ! ದೇಶವಿಭಜನೆಯ ಬಳಿಕ ಕಲ್ಯಾಣದ ಸೈನಿಕ ಶಿಬಿರಕ್ಕೆ ಬರಿಗೈಯಲ್ಲಿ ಬಂದಿಳಿದು, 1949ರಲ್ಲಿ ಉಲ್ಹಾಸನಗರವೆಂದು ಹೆಸರಾದ ಈ ಊರನ್ನು ದುಡಿದು ಕಟ್ಟಿದ ಜನರ ಬಗ್ಗೆ ನಮಗೆ ಗೌರವವಿದೆ. ಇಂದು ನಕಲಿ ಮಾಲು ಯಾವ ಊರಿನಿಂದಲೂ ಬರಬಹುದು, ಮನೆಬಾಗಿಲಿಗೇ ಪಾರ್ಸೆಲ್ಲಾಗಿಯೂ ಬರಬಹುದು. ಅಧಿಕೃತ ಮಾರಾಟಗಾರರಿಂದ, ಪಕ್ಕಾ ಬಿಲ್ಲು ಮತ್ತು ವಾರಂಟಿಯೊಡನೆಯೇ ಕೊಳ್ಳಿ. ಡಬ್ಬದ ಮೇಲಿನ ಕ್ರಮಾಂಕವೂ ಹೆಡ್‌ಫೋನಿನ ಮೇಲಿನ ಕ್ರಮಾಂಕವೂ ಒಂದೇ ಇವೆಯೇ ನೋಡಿ. ಮೂವತ್ತು ಸಾವಿರದ ವಸ್ತು ಮೂರು ಸಾವಿರಕ್ಕೆ ಸಿಗುವುದಾದರೆ, ಅದು ಆ ವಸ್ತುವಲ್ಲವೆಂದೇ ತಿಳಿಯಿರಿ.

ಆರೈಕೆ

ನಮ್ಮ ಕಡೆಯ ಹವೆ ಹೆಡ್‌ಫೋನುಗಳಿಗೆ ಶತ್ರು. ಬೇಸಿಗೆಯಲ್ಲಿ ಬೆವರು, ಜೂನಿನಿಂದ ಸೆಪ್ಟೆಂಬರ್‌ವರೆಗೆ ತೇವ. ಕೃತಕ ಚರ್ಮದ ಕುಶನ್‌ಗಳು ಇವೆರಡರಿಂದ ಸಿಪ್ಪೆಯೇಳುತ್ತವೆ, ಒಳಗಿನ ಸ್ಪಂಜು ಪುಡಿಯಾಗುತ್ತದೆ. ಮೂರನೆಯ ಶತ್ರು ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ! ಎಣ್ಣೆ ಹಚ್ಚಿದ ದಿನ ಹೆಡ್‌ಫೋನಿಗೆ ರಜೆ ಕೊಡಿ. ಇಲ್ಲವೇ ತಲೆಗೊಂದು ತೆಳು ಹತ್ತಿಯ ಬಟ್ಟೆ ಕಟ್ಟಿಕೊಳ್ಳಿ.

ಕೇಳಿ ಮುಗಿದೊಡನೆ ಮೆತ್ತನೆಯ ಒಣಬಟ್ಟೆಯಿಂದ ಕುಶನ್ ಒರೆಸಿ. ವಾರಕ್ಕೊಮ್ಮೆ ಬಟ್ಟೆಯನ್ನು ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿದರೆ ಸಾಕು. ಗಾಜು ಒರೆಸುವ ದ್ರವ, ಸ್ಪಿರಿಟ್ ಬೇಡ. ಮಖಮಲ್ಲಿನ ಕುಶನ್‌ಗಳನ್ನು ಬಿಚ್ಚಿ, ಸೌಮ್ಯ ಸೋಪಿನ ನೀರಿನಲ್ಲಿ ಕೈಯಿಂದಲೇ ತೊಳೆದು ನೆರಳಿನಲ್ಲಿ ಪೂರ್ತಿ ಒಣಗಿಸಬಹುದು. ಜಾಲರಿಯ ಧೂಳನ್ನು ಮೆದು ಬ್ರಷ್‌ನಿಂದ ತೆಗೆಯಿರಿ. ಬಾಯಿಂದ ಊದಿದರೆ ಉಗುಳಿನ ಹನಿ ಒಳಸೇರುತ್ತದೆ.

ಮಳೆಗಾಲದಲ್ಲಿ ಮುಚ್ಚಳ ಬಿಗಿಯಾದ ಡಬ್ಬದಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಡನೆ ಇಡಿ. ಆದರೆ ಬೆವರು ಆರಿದ ಮೇಲೆಯೇ ಇಡಬೇಕು. ವೈರನ್ನು ಹೆಡ್‌ಫೋನಿಗೇ ಬಿಗಿಯಾಗಿ ಸುತ್ತಬೇಡಿ, ಕೀಳುವಾಗ ವೈರನ್ನಲ್ಲ, ಪಿನ್ನನ್ನು ಹಿಡಿಯಿರಿ. ಬ್ಯಾಟರಿಯದ್ದನ್ನು ಊರಿಗೆ ಹೋಗುವಾಗ ಬಿಟ್ಟುಹೋಗುವುದಾದರೆ ಅರ್ಧದಷ್ಟು ಚಾರ್ಜ್ ಮಾಡಿ ಇಡಿ, ಪೂರ್ತಿ ಬರಿದಾಗಿಸಿ ಇಡಬೇಡಿ.

ಕೊಳ್ಳುವಾಗಲೇ ಕುಶನ್ ಮತ್ತು ವೈರು ಬಿಡಿಯಾಗಿ ಸಿಗುತ್ತವೆಯೇ ಎಂದು ವಿಚಾರಿಸಿ. ಎಚ್‌ಡಿ 600ರಲ್ಲಿ ಎರಡನ್ನೂ ಮನೆಯಲ್ಲೇ ಬದಲಾಯಿಸಬಹುದು. ಬಿಡಿಭಾಗ ಸಿಗುವ ಹೆಡ್‌ಫೋನ್ ಇಪ್ಪತ್ತು ವರ್ಷವೂ ಬಾಳೀತು.

ಬದಲಾಯಿಸಲಾಗದ ಭಾಗ

ಕುಶನ್ ಹೊಸದು ತರಬಹುದು, ಕಿವಿಯನ್ನು ತರಲಾದೀತೇ? ಒಳಕಿವಿಯಲ್ಲಿ ಸುಮಾರು 15,000 ಸೂಕ್ಷ್ಮ ರೋಮಕೋಶಗಳಿವೆ. ಒಮ್ಮೆ ಸತ್ತರೆ ಅವು ಮತ್ತೆ ಹುಟ್ಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರು 80 ಡೆಸಿಬೆಲ್ ದನಿಯನ್ನು ವಾರಕ್ಕೆ 40 ಗಂಟೆ ಕೇಳಬಹುದು. 90 ಡೆಸಿಬೆಲ್ ಆದರೆ ವಾರಕ್ಕೆ ಕೇವಲ 4 ಗಂಟೆ! ಮಕ್ಕಳಿಗೆ ಮಿತಿ ಇನ್ನೂ ಕಡಿಮೆ, 75 ಡೆಸಿಬೆಲ್.

ಈಗ ಲೆಕ್ಕ ಹಾಕಿ ನೋಡಿ. ಉಲ್ಹಾಸನಗರದಿಂದ ಮುಂಬಯಿಗೆ ಹೋಗಿಬರಲು ದಿನಕ್ಕೆ ಮೂರು ಗಂಟೆ. ರೈಲಿನ ಸದ್ದನ್ನು ಮೀರಿಸಲೆಂದು ನಿಮ್ಮ ಮಗಳು 90 ಡೆಸಿಬೆಲ್‌ಗೆ ಏರಿಸಿದರೆ, ಅವಳ ವಾರದ ಪಾಲು ಮಂಗಳವಾರ ಬೆಳಿಗ್ಗೆಯೇ ಮುಗಿಯಿತು! ಗದ್ದಲ ಅಳಿಸುವ ಹೆಡ್‌ಫೋನಿನ ನಿಜವಾದ ಉಪಯೋಗ ಇಲ್ಲಿದೆ: ಹೊರಗಿನ ಸದ್ದು ತಗ್ಗಿದರೆ ದನಿ ಏರಿಸುವ ಅಗತ್ಯವೇ ಬೀಳದು. ಆದರೆ ಹಳಿ ದಾಟುವಾಗ, ರಸ್ತೆ ದಾಟುವಾಗ ಅದು ಕುತ್ತಿಗೆಗೆ ಇಳಿಯಲೇಬೇಕು. ರೈಲಿನ ಹಾರ್ನ್ ಕೇಳಿಸದೆ ಹೋದರೆ ಎರಡನೆಯ ಅವಕಾಶವಿಲ್ಲ.

ಕಿವಿಯಲ್ಲಿ ಗುಂಯ್ ಎನ್ನುವ ಸದ್ದು, ‘ಸ’, ‘ಶ’ ಅಕ್ಷರಗಳು ಸ್ಪಷ್ಟವಾಗದಿರುವುದು, ಟಿವಿಯ ದನಿ ದಿನೇದಿನೇ ಏರುವುದು ಇವೆಲ್ಲ ಮುನ್ಸೂಚನೆಗಳು. ಕೂಡಲೇ ತಜ್ಞರಿಗೆ ತೋರಿಸಿ. ನಮ್ಮ ಸಮೀಪದಲ್ಲೇ, ಬಾಂದ್ರಾದಲ್ಲಿ, 1983ರಲ್ಲಿ ಸ್ಥಾಪನೆಯಾದ ಅಲಿ ಯಾವರ್ ಜಂಗ್ ರಾಷ್ಟ್ರೀಯ ಸಂಸ್ಥೆಯಿದೆ. ಊರಿನ ಕಡೆಯವರಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ.

2022ರಲ್ಲಿ ಸೆನ್‌ಹೈಸರ್‌ನ ಗ್ರಾಹಕ ವಿಭಾಗವನ್ನು ಕೊಂಡುಕೊಂಡದ್ದು ಯಾರೆಂದು ಬಲ್ಲಿರಾ? ಸೊನೋವಾ ಎಂಬ ಸ್ವಿಸ್ ಕಂಪನಿ. ಅದರ ಮುಖ್ಯ ಕಸುಬು ಕಿವುಡರ ಶ್ರವಣಯಂತ್ರ ತಯಾರಿಕೆ! ಒಂದೇ ಕಂಪನಿಯಿಂದ ಮೊದಲು ಹೆಡ್‌ಫೋನ್, ಆಮೇಲೆ ಶ್ರವಣಯಂತ್ರ ಕೊಳ್ಳುವ ಪಾಳಿ ನಮ್ಮ ಮಕ್ಕಳಿಗೆ ಬಾರದಿರಲಿ. ಪ್ರತಿವರ್ಷ ಮಾರ್ಚ್ 3 ವಿಶ್ವ ಶ್ರವಣ ದಿನ. ಅಂದಾದರೂ ಮನೆಮಂದಿಯೆಲ್ಲ ಒಮ್ಮೆ ಕಿವಿ ಪರೀಕ್ಷೆ ಮಾಡಿಸಿಕೊಳ್ಳಿ, ಮಕ್ಕಳ ಮೊಬೈಲಿನಲ್ಲಿ ದನಿಯ ಮಿತಿ ಕಟ್ಟಿಡಿ. ಆಮೇಲೆ ನಿಮ್ಮ ಜೇಬಿಗೆ ಹಿಡಿಸುವ, ಕಿವಿಗೊಪ್ಪುವ ಹೆಡ್‌ಫೋನಿನಲ್ಲಿ ಮೆಲುದನಿಯ ಸಂಗೀತವನ್ನು ಬಹುಕಾಲ ಸವಿಯಿರಿ.